ಸ್ಪಂಜು ಮಾವ ಕರಡಿಯಾದದ್ದು

ನಮ್ಮ ಬೀದಿಯಲ್ಲಿ ನೀವು ಯಾರ ಮನೆಗೆ ಹೋಗಿ ಕೂತರೂ ನನ್ನ ಸೋದರಮಾವನ ಕೈಕೆಲಸದ ಮೇಲೆಯೇ ಕೂತಿರುತ್ತೀರಿ. ಸೋಫಾ, ಕುರ್ಚಿ, ಕ್ಷೌರದಂಗಡಿಯ ತಿರುಗುವ ಆಸನ, ಹಲ್ಲಿನ ಡಾಕ್ಟರ ಹತ್ತಿರ ಜನ ದವಡೆ ಹಿಡಿದುಕೊಂಡು ಕಾಯುವ ಬೆಂಚು, ಎಲ್ಲಕ್ಕೂ ಸ್ಪಂಜು ತುಂಬಿ ಬಟ್ಟೆ ಹೊದಿಸಿದವನು ಅವನೇ. ಅದಕ್ಕೇ ಊರಿಗೆಲ್ಲ ಅವನು ಸ್ಪಂಜು, ನನಗೆ ಸ್ಪಂಜು ಮಾವ. ಹೆಸರಿನ ಬಗ್ಗೆ ಅವನಿಗೆ ಬೇಸರವೇನಿಲ್ಲ. "ಒತ್ತಿದ್ರೆ ತಗ್ಗಬೇಕು, ಬಿಟ್ರೆ ಎದ್ದು ಕೂರಬೇಕು, ಮನುಷ್ಯನೂ ಹಂಗೇ ಇರಬೇಕು" ಎನ್ನುತ್ತಾನೆ. ಇಂಥ ಮಾತುಗಳು ಅವನ ಬಾಯಿಂದ ದಿನವೂ ಉದುರುತ್ತಿರುತ್ತವೆ. ಕೇಳಿದವರೆಲ್ಲ ನಗುತ್ತಾರೆ, ನನ್ನ ಅಮ್ಮನೊಬ್ಬಳನ್ನು ಬಿಟ್ಟು.

ಅಮ್ಮ ಅವನ ಅಕ್ಕ. ಸೋಫಾ ರಿಪೇರಿಯ ಈ ಅಂಗಡಿ ಅವರ ಅಪ್ಪನದು, ಅಂದರೆ ನನ್ನ ತಾತನದು. ತಾತ ಇದ್ದಕ್ಕಿದ್ದಂತೆ ತೀರಿಕೊಂಡಾಗ ಅಮ್ಮ ಇನ್ನೂ ಕಾಲೇಜಿನ ಹುಡುಗಿ, ಮಾವ ಶಾಲೆಗೆ ಹೋಗುವ ಚೋಟುದ್ದದವನು. ಕಾಲೇಜು ಬಿಟ್ಟು ಅಮ್ಮ ಅಂಗಡಿಯ ಬಾಗಿಲು ತೆಗೆದಳು. ಅಂದಿನಿಂದ ಕೆಲಸದ ದಿನ ಆ ಬಾಗಿಲು ಹಾಕಿದ್ದಿಲ್ಲ, ಯಾವ ಗಿರಾಕಿಗೂ "ನಾಳೆ ಬನ್ನಿ" ಎಂದದ್ದಿಲ್ಲ, ಬಾಯಿಬಿಟ್ಟು ನಕ್ಕದ್ದಂತೂ ಇಲ್ಲವೇ ಇಲ್ಲ. ಮೊದಲು ಹೀಗಿರಲಿಲ್ಲವಂತೆ. "ನಿಮ್ಮಮ್ಮ ನಕ್ಕರೆ ಎದುರು ಮನೆಯೋರು ಕಿಟಕಿ ಮುಚ್ಕೊಳ್ಳೋರು" ಎಂದು ಮಾವ ಹೇಳುವಾಗ, ಇವನು ಯಾರದೋ ಅಮ್ಮನ ಸುದ್ದಿ ಹೇಳುತ್ತಿದ್ದಾನೆ ಅನ್ನಿಸುತ್ತಿತ್ತು ನನಗೆ. ನಾನು ಕಂಡ ಅಮ್ಮ ಗಂಟುಮುಖದವಳು. ಅಪ್ಪ ಲಾರಿ ಓಡಿಸುತ್ತಾರೆ. ಯಾವಾಗಲೂ ದಾರಿಯ ಮೇಲಿರುತ್ತಾರೆ. ಈ ಕಥೆ ನಡೆದಾಗಲೂ ಅವರು ಊರಲ್ಲಿರಲಿಲ್ಲ, ಹಾಗಾಗಿ ಅವರನ್ನು ಇಲ್ಲಿಗೇ ಬಿಟ್ಟುಬಿಡೋಣ.

ಅಕ್ಕನನ್ನು ಒಂದು ಸಲ ನಗಿಸಬೇಕು. ಮಾವನ ಜೀವನದ ಆಸೆ ಅದೊಂದೇ. ಬೇರೆಯವರು ಮನೆ ಕಟ್ಟಬೇಕು ಅಂದುಕೊಳ್ಳುತ್ತಾರೆ, ಇವನಿಗೆ ಇದು. ಒಮ್ಮೆ ಒಬ್ಬರ ಸೋಫಾದ ದಿಂಬಿನೊಳಗೆ ಕೀಂಗುಟ್ಟುವ ರಬ್ಬರ್ ಬಾತುಕೋಳಿ ಇಟ್ಟು ಹೊಲಿದ. ಗಿರಾಕಿ ಕೂತ ಕೂಡಲೇ ದಿಂಬು ಕೀಂ ಅಂದಿತು. ಗಿರಾಕಿಯೂ ನಕ್ಕರು, ನಾನಂತೂ ಬಿದ್ದು ಬಿದ್ದು ನಕ್ಕೆ. ಅಮ್ಮ ಕತ್ತರಿ ತಂದು, ಹೊಲಿಗೆ ಬಿಚ್ಚಿ, ಬಾತುಕೋಳಿಯನ್ನು ಮೇಜಿನ ಮೇಲಿಟ್ಟು, "ಮತ್ತೆ ಹೊಲಿ" ಎಂದಳು. ಅಷ್ಟೇ.

ಕರಡಿಯ ವಿಷಯಕ್ಕೆ ಬರುವ ಮೊದಲು ನಮ್ಮ ಕಸುಬಿನ ಎರಡು ಮಾತು ಹೇಳಬೇಕು. ಎರಡನ್ನೂ ಕಲಿಸಿದವರು ತಾತ.

ಮೊದಲನೆಯದು, ಕೂರುವ ಮೊದಲು ಒತ್ತಿ ನೋಡುವುದು. ಯಾವ ಆಸನವೇ ಆಗಲಿ, ನಾಲ್ಕು ಮೂಲೆಗೆ ಮುಷ್ಟಿಯಿಂದ ಒಂದೊಂದು ಗುದ್ದು, ಆಮೇಲೆ ನಟ್ಟನಡುವೆ ಮೊಣಕಾಲೂರಿ ಒಂದು ಒತ್ತು. ಸ್ಪಂಜು ಬದುಕಿದೆಯೋ ಸತ್ತಿದೆಯೋ ಆಗ ಗೊತ್ತಾಗುತ್ತದೆ. ಮಾವನಿಗೆ ಇದು ಉಸಿರಾಟದ ಹಾಗೆ. ಬಸ್ಸಿನ ಸೀಟನ್ನೂ ಬಿಡುವುದಿಲ್ಲ. ಒಬ್ಬಳನ್ನು ಇವನು ಮೆಚ್ಚಿ, ಅವಳೂ ಇವನನ್ನು ಮೆಚ್ಚಿ, ಅವಳ ಅಪ್ಪ ಅಮ್ಮನನ್ನು ಕಾಣಲು ಹೋದಾಗ ಅವರ ಸೋಫಾಕ್ಕೆ ನಾಲ್ಕು ಗುದ್ದು ಕೊಟ್ಟು, ಮೊಣಕಾಲೂರಿ, "ಸ್ಪಂಜು ಸತ್ತಿದೆ" ಎಂದನಂತೆ. ಆ ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಅಮ್ಮನಿಗೆ ಮಾತ್ರ ಈ ಅಭ್ಯಾಸವಿಲ್ಲ. ಅಂಗಡಿಯಲ್ಲೂ ಒತ್ತಿ ನೋಡುವ ಕೆಲಸವನ್ನು ಮಾವನಿಗೇ ಬಿಟ್ಟಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಎರಡನೆಯದು, ಜಿಪ್ ಕಾಣಬಾರದು. ಮೆತ್ತೆಯ ಜಿಪ್ಪನ್ನು ಹೊಲಿಗೆಯ ಮಡಿಕೆಯೊಳಗೆ ಅಡಗಿಸಿ, ಮಕ್ಕಳು ಎಳೆದು ಬಿಚ್ಚದಿರಲೆಂದು ಅದರ ಹಿಡಿಯನ್ನೂ ಕತ್ತರಿಸಿಬಿಡುತ್ತೇವೆ. ತೆಗೆಯಬೇಕಾದರೆ ಜಾಗ ಗೊತ್ತಿದ್ದವರು ಹೇರ್‌ಪಿನ್ ಸಿಕ್ಕಿಸಿ ಎಳೆಯಬೇಕು.

ಇಂಥ ಅಂಗಡಿಗೆ ಒಂದು ಬೆಳಗ್ಗೆ, ಮೂರು ಸೋಫಾ ಬಿಚ್ಚಿ ಹರಡಿಕೊಂಡು ನಿಲ್ಲಲು ಜಾಗವಿಲ್ಲದ ಹೊತ್ತಲ್ಲಿ, ಸಿನಿಮಾ ನಿರ್ದೇಶಕನೊಬ್ಬ ಬಂದು ತನಗೊಂದು ಕರಡಿ ಬೇಕು ಎಂದ.

"ಇದು ಸೋಫಾ ಅಂಗಡಿ" ಎಂದಳು ಅಮ್ಮ.

"ಗೊತ್ತು ಮೇಡಂ. ದರ್ಜಿ ಹತ್ರ ಹೋಗಿದ್ದೆ. ಇಷ್ಟು ದಪ್ಪ ಇರೋದಕ್ಕೆಲ್ಲ ನಿಮ್ಮ ಹತ್ರ ಹೋಗಿ ಅಂದ್ರು."

"ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಬಂದ್ರಲ್ಲಪ್ಪ ನೀವು" ಎಂದು ಅಮ್ಮ ಕತ್ತರಿ ಕೆಳಗಿಟ್ಟಳು. ನಿರ್ದೇಶಕ ಅದನ್ನು ಒಪ್ಪಿಗೆ ಎಂದುಕೊಂಡು ಕಥೆ ಹೇಳಲು ಶುರುಮಾಡಿದ.

ಸಿನಿಮಾದ ಕಥೆ ಇಷ್ಟು. ಕಾಡುಪ್ರಾಣಿಗಳನ್ನು ತೋರಿಸುವ ಒಂದು ಟೀವಿ ಕಾರ್ಯಕ್ರಮ. ಅದರ ತಂಡಕ್ಕೆ ಬಡತನ, ಜೊತೆಗೆ ದುರದೃಷ್ಟ. ಕಾರ್ಯಕ್ರಮ ನಡೆಸಿಕೊಡುವವನಿಗೆ ಅಳಿಲನ್ನು ಕಂಡರೂ ಭಯ. ಎಷ್ಟು ತಿಂಗಳು ಅಲೆದರೂ ಕ್ಯಾಮೆರಾ ಮುಂದೆ ಒಂದು ಪ್ರಾಣಿಯೂ ಬರುವುದಿಲ್ಲ. ಕಾರ್ಯಕ್ರಮ ನಿಂತುಹೋಗುತ್ತದೆ ಅನ್ನುವಾಗ ತಂಡದವರು ತಮ್ಮ ಅಡುಗೆಯವನಿಗೇ ಕರಡಿಯ ವೇಷ ಹಾಕುತ್ತಾರೆ. ಆಮೇಲೆ ನಿಜವಾದ ಕರಡಿಯೂ ಬರುತ್ತದೆ. "ಜನ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾರೆ" ಎಂದ ನಿರ್ದೇಶಕ. ನಿಜವಾದ ಕರಡಿಗೂ ಅದೇ ವೇಷವಂತೆ. ಕೂದಲನ್ನು ಸ್ವಲ್ಪ ಬಾಚಿಬಿಟ್ಟರೆ ಸಾಕಂತೆ.

ಹೊಟ್ಟೆ ಹುಣ್ಣಾಗುವ ಮಾತು ಕೇಳಿದ್ದೇ ಮಾವನ ಕಿವಿ ನೆಟ್ಟಗಾದವು. ಅಮ್ಮ ಬೇಡ ಅನ್ನುವಷ್ಟರಲ್ಲಿ ಅವನು ಆಗಲೇ ಅಳತೆಪಟ್ಟಿ ತೆಗೆದಿದ್ದ.

ಅಳತೆಗೆ ಬೇರೆ ಮೈ ಸಿಗದೆ ತನ್ನ ಗುಂಡು ಮೈಗೇ ಬಟ್ಟೆ ಹಿಡಿದು ಕತ್ತರಿಸಿದ. ಹೊಟ್ಟೆಗೆ ಒಳ್ಳೆಯ ಫೋಮ್, ಬೆನ್ನಿಗೆ ಮೃದು ಸ್ಪಂಜು, ಹಿಂಭಾಗಕ್ಕೆ ಎರಡು ಹಳೆಯ ಸ್ಪ್ರಿಂಗು. ಅಂಚುಗಳಿಗೆ ನಾನು ಪಟ್ಟಿ ಹೊಲಿದುಕೊಟ್ಟೆ. ನಿಜ ಹೇಳಬೇಕೆಂದರೆ ಕರಡಿ ಸೊಗಸಾಗಿತ್ತು. ಎರಡು ಕೈ ಚಾಚಿ ಮೂಲೆಯಲ್ಲಿ ಕೂತಿದ್ದರೆ ಒಬ್ಬರು ಕೂರುವ ಸೋಫಾ ಎಂದೇ ಅನ್ನಿಸುತ್ತಿತ್ತು. ಜಿಪ್ಪನ್ನು ಮಾವ ನಮ್ಮ ಪದ್ಧತಿಯಂತೆ ಎಡಗಂಕುಳ ಕೆಳಗಿನ ಮಡಿಕೆಯಲ್ಲಿ ಅಡಗಿಸಿ, ಹಿಡಿ ಕತ್ತರಿಸಿದ. ಒಳಗೆ ಒಬ್ಬ ಮನುಷ್ಯ ಇರುತ್ತಾನೆ, ಅವನಿಗೆ ಹೊರಗೆ ಬರುವ ಮನಸ್ಸಾಗಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಇಷ್ಟು ವರ್ಷದಲ್ಲಿ ಯಾವ ಸ್ಪಂಜೂ ಹೊರಗೆ ಬರುತ್ತೇನೆ ಅಂದಿರಲಿಲ್ಲ.

ಮೊದಲ ದಿನ ಊರಾಚೆಯ ತೋಪಿನಲ್ಲಿ ಚಿತ್ರೀಕರಣ. ಹೆಸರಾಂತ ಹಾಸ್ಯನಟನೊಬ್ಬನನ್ನು ಕರಡಿಯೊಳಗೆ ತುಂಬಿ, ಜಿಪ್ ಎಳೆದು, ಹೇರ್‌ಪಿನ್ ಜೇಬಿಗೆ ಹಾಕಿಕೊಂಡು ಮಾವ ಅಂಗಡಿಗೆ ಬಂದುಬಿಟ್ಟ. ಊಟದ ಹೊತ್ತಿಗೆ ಅಲ್ಲಿ ಗಲಾಟೆಯಾಯಿತು. ಕರಡಿಗೆ ಬಾಗಿಲೇ ಸಿಗಲಿಲ್ಲ. ತಂಡದವರೆಲ್ಲ ಸೇರಿ ನಟನನ್ನು ಮಗುಚಿ ಹಾಕಿ, ಕಂಕುಳು ಕಿಬ್ಬೊಟ್ಟೆ ಎಲ್ಲ ತಡಕಿದರು. ನಟನಿಗೆ ಕಚಗುಳಿ. ಒಳಗಿನಿಂದ ಅವನು ನಗುವುದೂ ಅಳುವುದೂ ಒಟ್ಟಿಗೇ ಕೇಳುತ್ತಿತ್ತಂತೆ. ಕೊನೆಗೆ ಕಾರು ಕಳಿಸಿ ಮಾವನನ್ನು ಕರೆಸಿದರು. ಮಾವ ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಕರಡಿಯನ್ನು ಬಿಚ್ಚಿ, "ನೋಡಿದ್ರಾ, ಎಲ್ಲಾದ್ರೂ ಕಾಣ್ತಾ ಇತ್ತಾ?" ಎಂದು ಹೆಮ್ಮೆಯಿಂದ ಕೇಳಿದ. ನಟ ಹೊರಬಿದ್ದವನು ಹಿಂದೆ ತಿರುಗಿ ನೋಡದೆ ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ವೇಷ ಇನ್ಯಾರ ಮೈಗೂ ಹಿಡಿಸಲಿಲ್ಲ. ಹಿಡಿಸುವುದು ಒಬ್ಬನಿಗೇ, ಯಾರ ಮೈಮೇಲೆ ಕತ್ತರಿಸಿದ್ದರೋ ಅವನಿಗೆ.

"ನೀವೇ ಒಳಗೆ ಹೋಗಿ" ಎಂದ ನಿರ್ದೇಶಕ. "ಆದ್ರೆ ಪೋಸ್ಟರ್‌ನಲ್ಲಿ ಆ ನಟರ ಹೆಸರೇ ಇರುತ್ತೆ. ಹೊರಗೆ ಯಾರಿಗೂ ಹೇಳಬಾರದು."

ಮೇಕಪ್ ಮಾಡುವ ಹೆಂಗಸಿಗೆ ಜಿಪ್ಪಿನ ಗುಟ್ಟು ಕಲಿಸಿಕೊಟ್ಟು ಮಾವ ಕರಡಿಯಾದ. ಅಮ್ಮನಿಗೆ ಹೇಳಿದ್ದು, "ದಿನಾ ಹೊಲಿಗೆ ಬಿಡ್ತಾ ಇದೆ ಅಕ್ಕಾ, ರಿಪೇರಿಗೆ ಹೋಗಬೇಕು" ಎಂದು. ಸಂಜೆ ಬಂದವನು ಮೈಯೆಲ್ಲ ಬೆವರುಸಾಲೆ ಎದ್ದು ಬಾಗಿಲಿನ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದ. "ಕೈಲಾಗದೋನು ಮೈ ಪರಚಿಕೊಂಡ ಅನ್ನೋದು ನಿನ್ನನ್ನ ನೋಡೇ ಹೇಳಿರಬೇಕು" ಎಂದು ಅಮ್ಮ ಬೈದಳು. ಬೆನ್ನಿಗೆ ಪೌಡರ್ ಹಾಕಲು ಒಂದು ಕೈ ಬೇಕಲ್ಲ, ಹಾಗಾಗಿ ನನಗೆ ನಿಜ ಹೇಳಲೇಬೇಕಾಯಿತು.

"ಅಮ್ಮಂಗೂ ಹೇಳು ಮಾವ. ಮನೆಯೋಳು ತಾನೇ" ಎಂದೆ.

"ಈಗ ಹೇಳಿದ್ರೆ ಬೈತಾಳೆ. ತೆರೆ ಮೇಲೆ ನೋಡಿದ್ರೆ ನಗ್ತಾಳೆ. ನಕ್ಕ ಮೇಲೆ ಹೇಳ್ತೀನಿ, ಅದು ನಾನೇ ಅಂತ. ಬೈಸ್ಕೊಳ್ಳೋದು ಯಾವಾಗ ಬೇಕಾದ್ರೂ ಆಗುತ್ತೆ." ಪೌಡರ್ ಹಾಕುತ್ತಿದ್ದ ಹಾಗೇ ತಿರುಗಿ ನನ್ನ ಕೈ ಹಿಡಿದ. "ಜೀಪಿಂದ ಬೀಳ್ತೀನಿ ಗೊತ್ತಾ? ಹಿಂದೆ ಸ್ಪ್ರಿಂಗ್ ಇದೆ. ಬಿದ್ದು ಮತ್ತೆ ಜೀಪಿಗೇ ಹಾರ್ತೀನಿ. ಅದಕ್ಕೆ ನಗದೆ ಇರೋಕೆ ಆಗುತ್ತಾ ಯಾರಿಗಾದ್ರೂ?"

ಆಯಿತು. ಎಲ್ಲರಿಗೂ ಆಯಿತು.

ಸಿನಿಮಾ ಬಿಡುಗಡೆಯಾದ ಮೊದಲ ದಿನವೇ ನೋಡಿಬಂದ ಕ್ಷೌರದಂಗಡಿಯವರು, "ಹಾಸ್ಯ ಚಿತ್ರ ಅಂತ ಬೋರ್ಡ್ ಮೇಲೆ ಬರೆದಿದ್ದಾರೆ, ಅದಕ್ಕೇ ಗೊತ್ತಾಯ್ತು" ಎಂದರು. ಪತ್ರಿಕೆಯವರು ಇನ್ನೂ ಕಟುಕರು. ಜನ ಬೆಟ್ಟ ಅಗೆದು ಇಲಿಯನ್ನಾದರೂ ಹಿಡಿಯುತ್ತಾರೆ, ಈ ತಂಡ ಅದನ್ನೂ ಹಿಡಿಯಲಿಲ್ಲ ಎಂದು ಬರೆದರು. ಯಾವುದು ನಿಜವಾದ ಕರಡಿ, ಯಾವುದು ಸುಳ್ಳು ಕರಡಿ ಎಂದು ಕೊನೆಯವರೆಗೂ ತಿಳಿಯಲಿಲ್ಲ, ತಿಳಿಯಬೇಕೆಂಬ ಆಸೆಯೂ ಹುಟ್ಟಲಿಲ್ಲ ಎಂದೂ ಬರೆದರು. ನಿರ್ದೇಶಕ ಪ್ರೇಕ್ಷಕರನ್ನು ಬೈದ. ಕುಣಿಯಲಾರದವಳಿಗೆ ನೆಲ ಡೊಂಕು. ನಮ್ಮ ವಾರದ ರಜೆಗೆ ಇನ್ನೂ ದಿನವಿತ್ತು, ಅಷ್ಟರೊಳಗೆ ಚಿತ್ರವನ್ನು ಎತ್ತಿಬಿಡುತ್ತಾರೆ ಎಂಬ ಸುದ್ದಿ ಬಂತು.

ಮಾವ ಅಮ್ಮನ ಬೆನ್ನು ಬಿದ್ದ. "ಹೊಲಿಗೆ ಹೇಗೆ ಕಾಣುತ್ತೆ ನೋಡೋಕಾದ್ರೂ ಬಾ ಅಕ್ಕಾ. ಒಂದೇ ಆಟ. ಮಧ್ಯಾಹ್ನ ಗಿರಾಕಿ ಕಡಿಮೆ." ಬೆಳಗ್ಗೆ ಹೇಳಿದ, ಸಂಜೆ ಹೇಳಿದ, ಸ್ಟೇಪಲ್ ಗನ್ ಹೊಡೆಯುವ ನಡುನಡುವೆ ಹೇಳಿದ. ಕಾಟ ತಡೆಯಲಾರದೆ ಅಮ್ಮ ಒಪ್ಪಿದಳು. ಬಾಗಿಲಿಗೆ ತೂಗುಹಾಕಲು ನಮ್ಮಲ್ಲಿ ಬೋರ್ಡೇ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲವಲ್ಲ. ಒಂದು ರೆಕ್ಸಿನ್ ತುಂಡಿನ ಮೇಲೆ "ಈಗ ಬರ್ತೀವಿ" ಎಂದು ನಾನೇ ಬರೆದೆ. ಸಂಜೆಯೊಳಗೆ ಹಲ್ಲಿನ ಡಾಕ್ಟರ ಕುರ್ಚಿ ಕೊಡಬೇಕು ಎಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದಳು.

ಥಿಯೇಟರಿನಲ್ಲಿ ಜನಕ್ಕಿಂತ ಫ್ಯಾನುಗಳೇ ಹೆಚ್ಚಿದ್ದವು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಆಗಲೇ ನಿದ್ದೆಹೋಗಿದ್ದರು. ಅವತ್ತು ಮಾವ ಸೀಟನ್ನು ಒತ್ತಿ ನೋಡದೆ ಕೂತ. ಅಷ್ಟು ಹೆದರಿದ್ದ. ಕೂತದ್ದೇ ಸೀಟಿನ ಹಳ್ಳದೊಳಗೆ ಇಳಿದು, ಪರದೆ ಬಿಟ್ಟು ಅಮ್ಮನ ಮುಖವನ್ನೇ ನೋಡತೊಡಗಿದ.

ಕರಡಿ ಮೊದಲ ಸಲ ಪೊದೆಯಿಂದ ಹೊರಬಂತು. ಯಾರೂ ನಗಲಿಲ್ಲ. ಕರಡಿ ಕುಣಿಯಿತು. ಅಮ್ಮ ಆಕಳಿಸಿದಳು. ಕರಡಿ ಜೀಪಿನಿಂದ ಬಿದ್ದು, ಪುಟಿದು, ಮತ್ತೆ ಜೀಪಿಗೇ ಹಾರಿತು. ಮಾವ ಉಸಿರು ಬಿಗಿಹಿಡಿದ. "ಅಯ್ಯೋ, ಯಾರೋ ಪಾಪ, ಸೊಂಟ ಉಳುಕಿರುತ್ತೆ" ಎಂದಳು ಅಮ್ಮ. ನನಗೆ ಸಿಟ್ಟು ಬಂತು. ತಮ್ಮನಿಗಾಗಿ ಅಲ್ಲದಿದ್ದರೂ ಟಿಕೆಟ್ಟಿಗಾಗಿಯಾದರೂ ಒಂದು ಸಲ ನಗಬಾರದೇ? ಅವಳಿಗೂ ತಗಲಲಿ ಎಂದು ನಾನೇ ಜೋರಾಗಿ ನಕ್ಕೆ.

"ಕೆಮ್ಮು ಬಂತಾ? ನೀರು ಕುಡಿ" ಎಂದು ಅಮ್ಮ ಬಾಟಲಿ ಕೊಟ್ಟಳು.

ವಿರಾಮದಲ್ಲಿ ಮಾವನ ಮುಖ ಇಂಗು ತಿಂದ ಮಂಗನಂತಾಗಿತ್ತು. ಪಾಪ್‌ಕಾರ್ನ್ ಬೇಡ ಎಂದ. ಅವನು ಬೇಡ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಹೊಲಿಗೆ ಚೆನ್ನಾಗಿದೆ ಕಣೋ. ಎಲ್ಲೂ ಬಿಟ್ಟಿಲ್ಲ" ಎಂದಳು ಅಮ್ಮ. ಅವಳ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

"ಮನೆಗೆ ಹೋಗೋಣ ಅಕ್ಕಾ. ಕೆಲಸ ಇದೆ" ಎಂದ ಮಾವ.

"ಬಂದಿದ್ದಾಗಿದೆ, ಕೂತ್ಕೋ."

ಉಳಿದ ಅರ್ಧದಲ್ಲಿ ಆ ಸಿನಿಮಾದ ಒಂದೇ ಒಂದು ದುಃಖದ ದೃಶ್ಯವಿತ್ತು. ಕಾರ್ಯಕ್ರಮ ನಿಂತುಹೋಗಿದೆ, ಎಲ್ಲರೂ ಬಿಟ್ಟುಹೋಗಿದ್ದಾರೆ. ನಡೆಸಿಕೊಡುವವನು ಒಬ್ಬನೇ ತೋಪಿನಲ್ಲಿ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ಪ್ರಾಣಿಗಳಿಗೆಲ್ಲ ಕ್ಷಮೆ ಕೇಳುತ್ತಾನೆ. ಪಿಟೀಲು ಅಳುತ್ತಿತ್ತು. ಅವನ ಬೆನ್ನ ಹಿಂದೆ, ದೂರದಲ್ಲಿ, ನಿಜವಾದ ಕರಡಿ ಸದ್ದಿಲ್ಲದೆ ಬಂದು ಒಂದು ಬಂಡೆಯ ಮೇಲೆ ಕೂರಬೇಕು, ಅಷ್ಟೇ.

ಕರಡಿ ಬಂತು. ಬಂಡೆಯ ಹತ್ತಿರ ನಿಂತಿತು. ಒಂದು ಮೂಲೆಗೆ ಮುಷ್ಟಿಯಿಂದ ಗುದ್ದಿತು. ಆಚೆ ಮೂಲೆಗೆ ಗುದ್ದಿತು. ಹಿಂದಿನ ಎರಡಕ್ಕೂ ಗುದ್ದಿತು. ಆಮೇಲೆ ನಟ್ಟನಡುವೆ ಮೊಣಕಾಲೂರಿ ಒಂದು ಸಲ ಒತ್ತಿ, ತಲೆಯಾಡಿಸಿ, ತಿರುಗಿ ಕೂತಿತು.

ನನ್ನ ಪಕ್ಕದಿಂದ ಒಂದು ಸದ್ದು ಬಂತು. ಮೊದಲು ಬಿಕ್ಕಳಿಕೆ ಅಂದುಕೊಂಡೆ. ನೋಡಿದರೆ ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ, ಭುಜ ಕುಲುಕುತ್ತಿದೆ. ಕೈ ಸಾಲಲಿಲ್ಲ. ನಗು ಹೊರಗೆ ಬಿದ್ದಿತು. ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದದ್ದು ಸುಳ್ಳಲ್ಲ; ಗೋಡೆಗೆ ಬಡಿದು ವಾಪಸ್ಸು ಬರುವ ನಗು ಅದು. ಪರದೆಯ ಮೇಲೆ ಒಬ್ಬ ಮನುಷ್ಯ ಎದೆ ಬಿರಿದು ಅಳುತ್ತಿದ್ದಾನೆ, ಇವಳು ಕರಡಿಯ ಕಡೆ ಬೆರಳು ತೋರಿಸಿ, ಉಸಿರು ಸಿಗದೆ, ಮುಂದಿನ ಸೀಟಿಗೆ ಹಣೆ ಬಡಿದುಕೊಂಡು ನಗುತ್ತಿದ್ದಾಳೆ. ಹಿರಿಯರು ಬೆಚ್ಚಿ ಎದ್ದರು. ಏನೆಂದು ತಿಳಿಯದೆ ಅವರೂ ನಗತೊಡಗಿದರು. ಇವರಿಬ್ಬರನ್ನು ನೋಡಿ ಹಿಂದಿನ ಸಾಲಿನವರು ನಕ್ಕರು. ಟಿಕೆಟ್ ಹರಿಯುವವನು ಟಾರ್ಚ್ ಹಿಡಿದು ಓಡಿಬಂದ. ಆ ಚಿತ್ರಕ್ಕೆ ಜನ ನಕ್ಕದ್ದನ್ನು ಅವನು ಕೇಳಿಯೇ ಇರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಸೀಟಿನ ಕೆಳಗೆ ಜಾರಿದ್ದೆ.

ಮಾವನೊಬ್ಬ ನಗಲಿಲ್ಲ. ಬಾಯಿ ತೆರೆದುಕೊಂಡು ಅಕ್ಕನನ್ನು ನೋಡುತ್ತಿದ್ದ.

"ಅಪ್ಪ ಕಣೋ" ಎಂದಳು ಅಮ್ಮ, ಉಸಿರು ಸಿಕ್ಕ ಮೇಲೆ. "ನೋಡೋ, ಅಪ್ಪ." ಆಮೇಲೆ ಅವನ ಕಿವಿ ಹಿಡಿದಳು. "ಒಳಗಿರೋದು ನೀನು ತಾನೇ?"

"ಹೂಂ."

"ಕರಡಿ ಎಲ್ಲಾದ್ರೂ ಬಂಡೆ ಒತ್ತಿ ನೋಡುತ್ತೇನೋ?"

"ನಾನು ಒತ್ತಿದ್ನಾ?" ಎಂದ ಮಾವ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದನ್ನು ಕೇಳಿ ಅಮ್ಮನಿಗೆ ಎರಡನೆಯ ಸಲ ನಗು ಶುರುವಾಯಿತು, ಮುಗಿಯುವ ಹೊತ್ತಿಗೆ ಸಿನಿಮಾವೂ ಮುಗಿದಿತ್ತು.

ಹೊರಗಿನ ಮೆಟ್ಟಿಲ ಮೇಲೆ ಕೂತು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ ದಿನ ನೀನಿರಲಿಲ್ಲ, ಸ್ಕೂಲಲ್ಲಿದ್ದೆ. ನಿಲ್ಲೋಕೆ ಆಗ್ತಿರಲಿಲ್ಲ ಅವರಿಗೆ, ಆದ್ರೂ ಮಲಗೋ ಮುಂಚೆ ಮಂಚದ ಹಾಸಿಗೆಗೆ ನಾಲ್ಕು ಗುದ್ದು. ಮೊಣಕಾಲೂರಿ ಬೇರೆ. ನರ್ಸ್ ಹತ್ರ ಸ್ಪಂಜು ಸತ್ತಿದೆ ಅಂದ್ರು. ನರ್ಸ್ ಮುಖ ನೋಡಿ ನಂಗೆ ನಗು ತಡೆಯೋಕೆ ಆಗ್ಲಿಲ್ಲ, ಅಪ್ಪನೂ ನಕ್ಕರು. ಬೆಳಗ್ಗೆ ಹೊತ್ತಿಗೆ ಅಪ್ಪ ಇರಲಿಲ್ಲ." ಕೂತಿದ್ದ ಮೆಟ್ಟಿಲನ್ನು ಅಂಗೈಯಿಂದ ಒಮ್ಮೆ ಸವರಿದಳು. "ನಗೋಕೆ ಹೋದ್ರೆ ಅದೇ ನೆನಪಾಗೋದು ಕಣೋ."

ದಿನವೂ ಹತ್ತು ಮಾತು ಉದುರಿಸುವ ಮಾವ ಅಕ್ಕನ ಪಕ್ಕದಲ್ಲಿ ಕೂತು, ಮಗುವಿನಂತೆ ಅತ್ತ. ಅವನನ್ನು ನೋಡಿ ಅಮ್ಮನಿಗೆ ಮತ್ತೆ ನಗು ಬಂತು.

ಅಷ್ಟರಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಹಲ್ಲಿನ ಡಾಕ್ಟರು. ಅಂಗಡಿಯ ಮುಂದೆ ನಿಂತಿದ್ದರು, ಯಾವುದೋ ರೆಕ್ಸಿನ್ ತುಂಡು ತೂಗುತ್ತಿದೆ ಎಂದರು.

"ನಾಳೆ ಬನ್ನಿ ಡಾಕ್ಟ್ರೇ" ಎಂದಳು ಅಮ್ಮ. ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮ್ಮ ಎದ್ದು ಟಿಕೆಟ್ ಕಿಟಕಿಗೆ ನಡೆದಳು.

"ಸಂಜೆ ಆಟ ಇಲ್ಲಮ್ಮ. ಯಾರೂ ಬಂದಿಲ್ಲ. ನಾಳೆಯಿಂದ ಬೇರೆ ಸಿನಿಮಾ" ಎಂದ ಕಿಟಕಿಯವನು.

"ನಾವು ಬಂದಿದ್ದೀವಲ್ಲಪ್ಪ."

ಹಿಂದಿನಿಂದ ಆ ಹಿರಿಯರೂ ಬಂದು ನಿಂತರು. ತಮಗೂ ಒಂದು ಟಿಕೆಟ್ ಬೇಕು, ಈ ಸಲ ಎಚ್ಚರವಾಗಿರುತ್ತೇನೆ ಎಂದರು. ಕಿಟಕಿಯವನು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ಟಿಕೆಟ್ ಹರಿದುಕೊಟ್ಟ.

ಅದೇ ಸಾಲು, ಅದೇ ಸೀಟು. ದೀಪ ಇನ್ನೂ ಆರಿರಲಿಲ್ಲ. ಮಾವ ಕೂರಲು ಹೋದವನು ಹಾಗೇ ನಿಂತ. ಅಮ್ಮ ಕೂತಿರಲಿಲ್ಲ. ತನ್ನ ಸೀಟಿನ ಮುಂದೆ ಬಗ್ಗಿ, ಒಂದು ಮೂಲೆಗೆ ಮುಷ್ಟಿಯಿಂದ ಗುದ್ದಿದಳು. ಆಮೇಲೆ ಉಳಿದ ಮೂರಕ್ಕೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುವೆ ಮೊಣಕಾಲೂರಿ ಒತ್ತಿದಳು.

"ಹೇಗಿದೆ ಅಕ್ಕಾ?" ಎಂದ ಮಾವ.

"ಸತ್ತಿದೆ ಕಣೋ" ಎಂದು ನಗುತ್ತಾ ಅದರ ಮೇಲೆಯೇ ಕೂತಳು.